ಟೋಕಿಯೋದ ಸೊಸೆ, ಮಲ್ಪೆಯ ಬಂಗುಡೆ, ಬೊಂಬಾಯಿಯ ಬೆಣ್ಣೆ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ಭಯದ ಸುತ್ತ ಇವೆ. ಎಲ್ಲೋ ದೂರದ ದೇಶದ ಅಣುಸ್ಥಾವರದಲ್ಲಿ ಅಪಘಾತ ಆದರೆ ಅದರ ವಿಕಿರಣ ನಮ್ಮವರನ್ನು ಮುಟ್ಟುತ್ತದೆಯೇ? ನಾನು ಮಂಗಳೂರಿನ ಆಸ್ಪತ್ರೆಯೊಂದರಲ್ಲಿ 31 ವರ್ಷ ವಿಕಿರಣ ಸುರಕ್ಷತೆಯ ಕೆಲಸ ಮಾಡಿದವಳು. ಡೋಸ್ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಎದೆಗೆ ಸಿಕ್ಕಿಸಿಕೊಂಡು, ಎರಡು ಸಲ ಬಸುರಿಯಾಗಿದ್ದಾಗಲೂ ಅದೇ ಕೆಲಸ ಮಾಡಿದ್ದೇನೆ. ಹಾಗಾಗಿ ಮೊದಲ ಪತ್ರಕ್ಕೆ ಜಾಸ್ತಿ ಜಾಗ ಕೊಡುತ್ತಿದ್ದೇನೆ. ಉಳಿದವರು ಬೇಸರ ಮಾಡಿಕೊಳ್ಳಬಾರದು.

ಪ್ರಶ್ನೆ: ನನ್ನ ಮಗ ಟೋಕಿಯೋದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಮನೆ ನಿಶಿಕಸಾಯಿಯಲ್ಲಿ. ಸೊಸೆಗೆ ಈಗ ನಾಲ್ಕು ತಿಂಗಳು. ಅಪಘಾತವಾದ ಫುಕುಶಿಮಾ ಅಣುಸ್ಥಾವರದ ನೀರನ್ನು ಸಮುದ್ರಕ್ಕೆ ಬಿಡುತ್ತಿದ್ದಾರೆ, ಅಲ್ಲಿನ ಅಕ್ಕಿ, ಮೀನು, ನೀರು ಎಲ್ಲದರಲ್ಲೂ ವಿಷ ಇದೆ ಎಂದು ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ದಿನಾ ಬರುತ್ತಿದೆ. ಹತ್ತಿರದ ಸಂಬಂಧಿಕರೊಬ್ಬರು "ಊನ ಇರುವ ಮಗು ಹುಟ್ಟುವುದಕ್ಕಿಂತ ಈಗಲೇ ತೆಗೆಸುವುದು ವಾಸಿ" ಎಂದುಬಿಟ್ಟರು. ಸೊಸೆ ಅವತ್ತಿನಿಂದ ಅಳುತ್ತಿದ್ದಾಳೆ. ಅವಳನ್ನು ಊರಿಗೆ ಕರೆಸಿಕೊಳ್ಳಲೇ?
– ಓದುಗರೊಬ್ಬರು, ಉಳ್ಳಾಲ

ಉತ್ತರ: ಈ ಪುಟ ಪಕ್ಕಕ್ಕಿಟ್ಟು ಮೊದಲು ಸೊಸೆಗೆ ಫೋನ್ ಮಾಡಿ. ಟೋಕಿಯೋದಲ್ಲಿ ಇರುವುದರಿಂದ ಅವಳ ಮಗುವಿಗೆ ವಿಕಿರಣದ ತೊಂದರೆ ಇಲ್ಲ ಎಂದು ಹೇಳಿ. ಅವಳು ಸಮಾಧಾನವಾಗಿ ಊಟ ಮಾಡಲಿ. ಆಮೇಲೆ ಉಳಿದದ್ದು ಓದಿ.

ನಿಮ್ಮ ಸಂಬಂಧಿಕರ ಮಾತು ಓದಿ ನನ್ನ ಕೈ ನಡುಗಿತು. ಯಾಕೆಂದರೆ ಇದು ಹಿಂದೆ ನಿಜವಾಗಿಯೂ ನಡೆದುಹೋಗಿದೆ. 1986ರ ಏಪ್ರಿಲ್ 26ರಂದು ಚೆರ್ನೋಬಿಲ್ ಅಣುಸ್ಥಾವರ ಸ್ಫೋಟಿಸಿತು. ಆಗ ಅದು ಸೋವಿಯತ್ ಒಕ್ಕೂಟ, ಈಗ ಉಕ್ರೇನ್. ಅಲ್ಲಿಂದ ಸಾವಿರ ಕಿಲೋಮೀಟರಿಗೂ ಆಚೆ ಇರುವ ಗ್ರೀಸ್ ದೇಶದಲ್ಲಿ ಸುದ್ದಿ, ಗಾಳಿಮಾತು ಎಲ್ಲ ಸೇರಿ ಜನ ಹೆದರಿಬಿಟ್ಟರು. ಎಷ್ಟೋ ವೈದ್ಯರಿಗೂ ಏನು ಹೇಳಬೇಕೆಂದು ತೋಚಲಿಲ್ಲ. ಮುಂದಿನ ವರ್ಷದ ಜನನದ ಲೆಕ್ಕ ನೋಡಿದ ಸಂಶೋಧಕರು, ಬೇಕು ಎಂದೇ ಹೊತ್ತಿದ್ದ ಸುಮಾರು 2,500 ಗರ್ಭಗಳನ್ನು ಆ ಭಯಕ್ಕೆ ತೆಗೆಸಲಾಗಿದೆ ಎಂದು ಅಂದಾಜು ಮಾಡಿದರು. ಅಲ್ಲಿನ ಜನಕ್ಕೆ ಆ ಅಪಘಾತದಿಂದ ತಗುಲಿದ ವಿಕಿರಣ ಒಂದು ಮಿಲಿಸೀವರ್ಟ್‌ಗಿಂತ ಕಡಿಮೆ.

ಒಂದು ಮಿಲಿಸೀವರ್ಟ್ ಎಂದರೆ ಎಷ್ಟು? ಭೂಮಿಯ ಮೇಲೆ ಸುಮ್ನೆ ಬದುಕಿದ್ದರೆ ಸಾಕು, ಮಣ್ಣು, ಗಾಳಿ, ಆಕಾಶ, ತಿನ್ನುವ ಅನ್ನ ಎಲ್ಲದರಿಂದ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ನಮಗೆ ಬಂದೇ ಬರುತ್ತದೆ. ಹೊಟ್ಟೆಯ ಸಿಟಿ ಸ್ಕ್ಯಾನ್ ಒಂದರಿಂದ 8–10 ಬರುತ್ತದೆ. ಗರ್ಭದಲ್ಲಿರುವ ಮಗುವಿಗೆ 100ರ ಒಳಗಿನ ಡೋಸ್‌ನಿಂದ ಅಂಗ ಊನವಾದದ್ದು ಕಂಡುಬಂದಿಲ್ಲ. ಇಂಥ ಅಪಘಾತದ ಹೆಸರೇ ಇಲ್ಲದ ಊರಿನಲ್ಲೂ ನೂರರಲ್ಲಿ ಎರಡು-ಮೂರು ಮಕ್ಕಳು ಏನಾದರೂ ಹುಟ್ಟುದೋಷದೊಂದಿಗೆ ಹುಟ್ಟುತ್ತವೆ ಎಂಬುದನ್ನೂ ನೆನಪಿನಲ್ಲಿಡಿ. ಆ ಅಪಾಯ ಎಲ್ಲ ತಾಯಂದಿರಿಗೂ ಇರುವುದೇ.

ಆಸ್ಪತ್ರೆಯಲ್ಲಿ ನನ್ನ ಮೇಜಿನ ಮುಂದೆ ಇಂಥ ತಾಯಂದಿರು ತಿಂಗಳಿಗೆ ಒಬ್ಬರಾದರೂ ಬಂದು ಕೂರುತ್ತಿದ್ದರು. ಬಸುರಿ ಎಂದು ಗೊತ್ತಾಗುವ ಮುಂಚೆ ಸೊಂಟದ ಎಕ್ಸ್‌ರೇ ತೆಗೆಸಿಕೊಂಡವರು. ಯಾರೋ "ತೆಗೆಸಿಬಿಡು" ಎಂದು ಹೇಳಿ ಕಳಿಸಿರುತ್ತಿದ್ದರು. ನಾನು ಫಿಲ್ಮ್ ಎಷ್ಟು, ಯಂತ್ರ ಯಾವುದು ಎಂದು ಕೇಳಿ, ಡೋಸ್ ಲೆಕ್ಕ ಹಾಕಿ, ಕಾಗದದ ಮೇಲೆ ಬರೆದು ಕೊಡುತ್ತಿದ್ದೆ. ಹೆಚ್ಚಿನವರದು ಎರಡು-ಮೂರು ಮಿಲಿಸೀವರ್ಟ್ ದಾಟುತ್ತಿರಲಿಲ್ಲ. ಅವರಲ್ಲೊಬ್ಬರ ಮಗಳು ಈಗ ನಮ್ಮ ಬೀದಿಯ ಶಾಲೆಯಲ್ಲಿ ಟೀಚರ್. ಎದುರಿಗೆ ಸಿಕ್ಕಾಗ ನಮಸ್ಕಾರ ಹೇಳುತ್ತಾಳೆ. ಅವಳ ತಾಯಿ ನನ್ನ ಮುಂದೆ ಅತ್ತದ್ದು ಅವಳಿಗೆ ಗೊತ್ತಿಲ್ಲ.

ಇನ್ನು ನಿಶಿಕಸಾಯಿ. ಆ ಹೆಸರು ನೋಡಿದ ಕೂಡಲೇ ನನಗೆ 2011ರ ಮಾರ್ಚ್ ನೆನಪಾಯಿತು. ನಮ್ಮ ಅಕ್ಕನ ಮಗನೂ ಆಗ ಅಲ್ಲೇ ಇದ್ದ, ಆರು ತಿಂಗಳ ಕೂಸಿನ ಜೊತೆ. ಭಾರತದವರು ಜಾಸ್ತಿ ಇರುವ ಬಡಾವಣೆ ಅಲ್ವಾ. ಮಾರ್ಚ್ 11ಕ್ಕೆ ಭೂಕಂಪ, ಸುನಾಮಿ. ಫುಕುಶಿಮಾ ಡೈಚಿಯಲ್ಲಿ ನೀರು ಪಂಪು ಮಾಡಲು ವಿದ್ಯುತ್ ಇಲ್ಲದೆ ಮೂರು ರಿಯಾಕ್ಟರುಗಳು ಒಳಗೇ ಕರಗಿದವು. ಸ್ಥಾವರದಿಂದ ಟೋಕಿಯೋಕ್ಕೆ 200 ಕಿಲೋಮೀಟರಿಗೂ ಜಾಸ್ತಿ ದೂರ. ಆದರೂ ಗಾಳಿ ಆ ಕಡೆ ತಿರುಗಿ ಮಳೆ ಬಿತ್ತು. ಕನಮಾಚಿ ಎಂಬಲ್ಲಿನ ನೀರು ಶುದ್ಧೀಕರಣ ಘಟಕದಲ್ಲಿ ಲೀಟರಿಗೆ 210 ಬೆಕೆರೆಲ್ ಅಯೋಡಿನ್-131 ಎಂಬ ವಿಕಿರಣ ವಸ್ತು ಸಿಕ್ಕಿತು. ಬೆಕೆರೆಲ್ ಎಂದರೆ ಸೆಕೆಂಡಿಗೆ ಒಂದು ಅಣು ಒಡೆಯುವ ಲೆಕ್ಕ. ಅಲ್ಲಿ ದೊಡ್ಡವರಿಗೆ ಮಿತಿ 300, ಹಸುಗೂಸುಗಳಿಗೆ 100. ಮಾರ್ಚ್ 23ಕ್ಕೆ ಟೋಕಿಯೋ ಆಡಳಿತ, ಕೂಸುಗಳಿಗೆ ನಲ್ಲಿ ನೀರು ಕೊಡಬೇಡಿ ಎಂದು ಹೇಳಿ, ಮನೆಮನೆಯ ಕೂಸುಗಳಿಗೆ ಬಾಟಲಿ ನೀರು ಹಂಚಿತು.

ಮಧ್ಯರಾತ್ರಿ ಅವನ ಫೋನ್. "ಚಿಕ್ಕಮ್ಮ, ನೀರು ಕುದಿಸಿ ಕೊಟ್ಟರೆ ಸಾಕಾ?" ಬೇಡ ಅಂದೆ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಅಯೋಡಿನ್-131 ಸಾಯುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಅದು ಇನ್ನೂ ಗಟ್ಟಿಯಾಗುತ್ತದೆ. ಪುಡಿಹಾಲು ಕಲಸಲು ಬಾಟಲಿ ನೀರು ಬಳಸು, ಸ್ನಾನಕ್ಕೆ ನಲ್ಲಿ ನೀರೇ ಸಾಕು, ನಾಳೆಯ ಅಂಕಿ ನೋಡೋಣ ಅಂದೆ. ಮರುದಿನ ಅಂಕಿ 79ಕ್ಕೆ ಇಳಿಯಿತು. ಎಚ್ಚರಿಕೆ ವಾಪಸ್ ತೆಗೆದರು. ಆ ಕೂಸು ಈಗ ಹೈಸ್ಕೂಲು.

ನಾನು ಇದನ್ನು ಹೇಳುತ್ತಿರುವುದು, ದೂರ ಇದ್ದರೆ ಏನೂ ಬರುವುದಿಲ್ಲ ಎಂದು ಸಾಧಿಸಲು ಅಲ್ಲ. ಬರುತ್ತದೆ. ಬಂದಾಗ ಅಳೆದು ಹೇಳುವವರು ಇರಬೇಕು, ಕೇಳಿಸಿಕೊಳ್ಳುವವರು ಹೆದರದೆ ಅಷ್ಟನ್ನು ಮಾತ್ರ ಮಾಡಬೇಕು. ಅಯೋಡಿನ್-131 ಎಂಟು ದಿನಕ್ಕೊಮ್ಮೆ ಅರ್ಧವಾಗುತ್ತಾ ಹೋಗುತ್ತದೆ. 2011ರದ್ದು ಆ ವರ್ಷವೇ ಇಲ್ಲವಾಯಿತು. ಉಳಿದಿರುವುದು ಸೀಸಿಯಂ-137. ಅದು ಅರ್ಧವಾಗಲು 30 ವರ್ಷ ಬೇಕು. ಅದು ಹೆಚ್ಚಾಗಿ ಬಿದ್ದಿರುವುದು ಸ್ಥಾವರದ ವಾಯವ್ಯಕ್ಕಿರುವ ಕಾಡು, ಬೆಟ್ಟಗಳ ಮೇಲೆ. ಜಪಾನಿನಲ್ಲಿ 2012ರಿಂದ ಸಾಮಾನ್ಯ ಆಹಾರಕ್ಕೆ ಕಿಲೋಗೆ 100 ಬೆಕೆರೆಲ್, ಹಾಲಿಗೆ ಮತ್ತು ಶಿಶು ಆಹಾರಕ್ಕೆ 50, ಕುಡಿಯುವ ನೀರಿಗೆ 10 ಎಂಬ ಮಿತಿ ಇದೆ. ಇದು ಬಹಳ ಬಿಗಿಯಾದ ಮಿತಿ. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದ ಮಟ್ಟವೇ 1,000. ಫುಕುಶಿಮಾದ ಅಕ್ಕಿಯನ್ನಂತೂ ವರ್ಷಗಟ್ಟಲೆ ಒಂದೊಂದು ಚೀಲವನ್ನೂ ಯಂತ್ರದ ಮೇಲೆ ಹಾಯಿಸಿ ನೋಡಿದರು. ಈಗಲೂ ಮಿತಿ ದಾಟುವುದು ಕಾಡಿನ ಅಣಬೆ, ಕಾಡುಹಂದಿ, ಕಾಡುಸೊಪ್ಪು ಇಂಥವು. ಸೊಸೆಗೆ ಹೇಳಿ: ಅಂಗಡಿಯದು ಏನು ಬೇಕಾದರೂ ತಿನ್ನಲಿ, ಯಾರಾದರೂ ಆ ಕಡೆಯ ಕಾಡಿನಲ್ಲಿ ಆರಿಸಿ ತಂದ ಅಣಬೆ ಕೊಟ್ಟರೆ ಬೇಡ ಅನ್ನಲಿ. ಅಷ್ಟೇ.

ಊರಿಗೆ ಕರೆಸಬೇಕೇ ಎಂದು ಕೇಳಿದ್ದೀರಿ. ಬಾಣಂತನಕ್ಕೆ, ನಿಮ್ಮ ಕೈ ಅಡುಗೆಗೆ ಬರುವುದಾದರೆ ಖಂಡಿತ ಬರಲಿ. ವಿಕಿರಣದ ಕಾರಣಕ್ಕೆ ಬೇಡ. ವಿಮಾನ ಎತ್ತರದಲ್ಲಿ ಹಾರುವಾಗ ಆಕಾಶದಿಂದ ಬರುವ ವಿಕಿರಣ ಜಾಸ್ತಿ. ಟೋಕಿಯೋದಿಂದ ಬೆಂಗಳೂರಿಗೆ ಬರುವಷ್ಟರಲ್ಲಿ ಎದೆಯ ಎಕ್ಸ್‌ರೇ ಒಂದೆರಡು ತೆಗೆಸಿಕೊಂಡಷ್ಟು ಆಗುತ್ತದೆ. ಅದರಿಂದಲೂ ತೊಂದರೆ ಇಲ್ಲ. ಇಳಿದ ಮೇಲೆ ಬೆಂಗಳೂರಿನ ಬಂಡೆಗಲ್ಲಿನ ನೆಲದಿಂದ ಬರುವುದು ಟೋಕಿಯೋದ ನೆಲದಿಂದ ಬರುವುದಕ್ಕಿಂತ ಜಾಸ್ತಿಯೇ.

ಇನ್ನು ನಿಮ್ಮ ಉಳ್ಳಾಲ! ಅಲ್ಲಿನ ಕಡಲ ದಂಡೆಯಲ್ಲಿ ಕೆಲವು ಕಡೆ ಕಪ್ಪು ಮರಳು ಇರುವುದನ್ನು ನೀವು ನೋಡಿರುತ್ತೀರಿ. ಅದರಲ್ಲಿ ಮೊನಜೈಟ್ ಎಂಬ ಖನಿಜ, ಅದರೊಳಗೆ ವಿಕಿರಣ ಸೂಸುವ ಥೋರಿಯಂ. 1990ರ ದಶಕದಲ್ಲೇ ಮಂಗಳೂರು ವಿಶ್ವವಿದ್ಯಾಲಯದವರು ಅಲ್ಲಿನ ವಿಕಿರಣ ಅಳೆದು ಪ್ರಕಟಿಸಿದ್ದಾರೆ. ನಾನೂ ಒಮ್ಮೆ ವಿಕಿರಣ ಅಳೆಯುವ ಸರ್ವೇ ಮೀಟರ್ ಹಿಡಿದು ಅಲ್ಲಿ ನಡೆದಿದ್ದೇನೆ. ಬಿಳಿ ಮರಳಿನಿಂದ ಕಪ್ಪು ಮರಳಿಗೆ ಕಾಲಿಟ್ಟ ಕೂಡಲೇ ಮುಳ್ಳು ಸರ್ರನೆ ಏರಿತು. ಪಕ್ಕದಲ್ಲಿ ಮಕ್ಕಳು ಮರಳಿನ ಗುಡ್ಡ ಕಟ್ಟುತ್ತಿದ್ದರು. ಅವರನ್ನು ನಾನು ಎಬ್ಬಿಸಲಿಲ್ಲ. ಎಬ್ಬಿಸಬೇಕಾದಷ್ಟು ಇರಲಿಲ್ಲ. ಕೇರಳದ ಕರುನಾಗಪಳ್ಳಿಯಲ್ಲಿ ಇಂಥದೇ ಮರಳು ಇನ್ನೂ ಜಾಸ್ತಿ ಇದೆ. ಅಲ್ಲಿ ಸುಮಾರು 70,000 ಜನರನ್ನು ಹತ್ತು ವರ್ಷಕ್ಕೂ ಮಿಕ್ಕಿ ಗಮನಿಸಿದರು. ವಿಕಿರಣ ಜಾಸ್ತಿ ಇರುವ ಮನೆಗಳಲ್ಲಿ ಕ್ಯಾನ್ಸರ್ ಜಾಸ್ತಿ ಕಾಣಲಿಲ್ಲ.

ಒಂದು ಮಾತು ಬಾಕಿ ಇದೆ, ಅದು ನನಗೆ ಬಹಳ ನೋವಿನ ಮಾತು. ಫುಕುಶಿಮಾದ ವಿಕಿರಣದಿಂದ ಅಲ್ಲಿನ ನಿವಾಸಿಗಳ ಆರೋಗ್ಯ ಕೆಟ್ಟದ್ದಕ್ಕೆ ವಿಶ್ವಸಂಸ್ಥೆಯ ವಿಜ್ಞಾನ ಸಮಿತಿಗೆ ಆಧಾರ ಸಿಗಲಿಲ್ಲ. ಆದರೆ ಆ ಪ್ರಾಂತ್ಯದಲ್ಲಿ 2,300ಕ್ಕೂ ಜಾಸ್ತಿ ಜನ ಆಮೇಲಿನ ಕಷ್ಟದಿಂದ ತೀರಿಹೋದರು. ಹೆಚ್ಚಿನವರು ಮುದುಕರು. ಹಾಸಿಗೆ ಹಿಡಿದವರನ್ನು ಬಸ್ಸಿನಲ್ಲಿ ಕೂರಿಸಿ ಗಂಟೆಗಟ್ಟಲೆ ಸಾಗಿಸಿದರು, ಔಷಧಿ ತಪ್ಪಿತು, ಊರು ತಪ್ಪಿತು, ಹೊಲ, ದನ ಬಿಟ್ಟು ಪರಸ್ಥಳದ ಕೋಣೆಗಳಲ್ಲಿ ಕುಗ್ಗಿಹೋದರು. ಸ್ಥಾವರದ ಪಕ್ಕದವರು ಹೊರಡಲೇಬೇಕಿತ್ತು, ಅದರಲ್ಲಿ ನನಗೆ ಸಂಶಯ ಇಲ್ಲ. ಹೊರಡಿಸಿದ ರೀತಿ ಮತ್ತು ಆಮೇಲಿನ ಭಯ ಜೀವ ತೆಗೆಯಿತು. ನಿಮ್ಮ ಸೊಸೆಯ ಅಳು ನಿಲ್ಲಿಸುವುದು ಎಷ್ಟು ಮುಖ್ಯ ಎಂದು ಈಗ ತಿಳಿಯಿತಲ್ಲ? ಆ ಸಂಬಂಧಿಕರಿಗೂ ಈ ಪುಟ ಓದಿಸಿ. ಅವರೂ ಹೆದರಿಯೇ ಹೇಳಿರಬಹುದು.

ಪ್ರಶ್ನೆ: ನಾವು ಮಲ್ಪೆಯಲ್ಲಿ ಮೀನಿನ ವ್ಯಾಪಾರ ಮಾಡುವವರು. ಜಪಾನ್ ಬಿಡುವ ನೀರು ಎಲ್ಲ ಸಮುದ್ರಕ್ಕೂ ಹರಡಿ ನಮ್ಮ ಬಂಗುಡೆ, ಬೂತಾಯಿಗೂ ಬರುತ್ತದೆ ಎಂದು ಗಿರಾಕಿಗಳು ಕೇಳುತ್ತಾರೆ. ಏನು ಹೇಳಲಿ?
– ಓದುಗರೊಬ್ಬರು, ಮಲ್ಪೆ

ಉತ್ತರ: ಧೈರ್ಯವಾಗಿ ಮಾರಿ ಎಂದು ಹೇಳುತ್ತೇನೆ. ಕಾರಣವನ್ನೂ ಹೇಳುತ್ತೇನೆ, ಗಿರಾಕಿಗೆ ನೀವೇ ವಿವರಿಸಬಹುದು.

ಕರಗಿದ ರಿಯಾಕ್ಟರುಗಳನ್ನು ತಣ್ಣಗಿಡಲು ನೀರು ಸುರಿಯುತ್ತಲೇ ಇರಬೇಕು. ಆ ನೀರನ್ನು ಶೋಧಿಸಿ ಸಾವಿರಕ್ಕೂ ಜಾಸ್ತಿ ಟ್ಯಾಂಕುಗಳಲ್ಲಿ ತುಂಬಿಟ್ಟರು. ಜಾಗ ಮುಗಿಯುತ್ತಾ ಬಂತು. 2023ರ ಆಗಸ್ಟ್ 24ರಿಂದ ಸಮುದ್ರಕ್ಕೆ ಬಿಡಲು ಶುರು ಮಾಡಿದರು. ಶೋಧಿಸಿದರೂ ಹೋಗದೆ ಉಳಿಯುವುದು ಮುಖ್ಯವಾಗಿ ಟ್ರೀಷಿಯಂ. ಅದು ಹೈಡ್ರೋಜನ್ನಿನ ಅಣ್ಣ ಇದ್ದ ಹಾಗೆ, ನೀರಿನ ಕಣದಲ್ಲೇ ಸೇರಿಕೊಂಡಿರುತ್ತದೆ. ನೀರಿನಿಂದ ನೀರನ್ನು ಬೇರೆ ಮಾಡುವುದು ಹೇಗೆ? ಅದಕ್ಕೇ ಸಮುದ್ರದ ನೀರು ಬೆರೆಸಿ, ಲೀಟರಿಗೆ 1,500 ಬೆಕೆರೆಲ್‌ಗಿಂತ ಕೆಳಗೆ ತಂದು ಬಿಡುತ್ತಾರೆ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಟ್ಟ 10,000. ಟ್ರೀಷಿಯಂ ಮೈಯಲ್ಲಿ ಕೂಡಿಹಾಕಿಕೊಳ್ಳುವ ವಸ್ತುವಲ್ಲ, ಮೂತ್ರದಲ್ಲಿ ಹೋಗುತ್ತದೆ.

ಇನ್ನೊಂದು, ನೀರಿನ ದಾರಿ. ಜಪಾನಿನ ಆ ಕರಾವಳಿಯಲ್ಲಿ ಕುರೋಷಿಯೋ ಎಂಬ ದೊಡ್ಡ ಪ್ರವಾಹ ಇದೆ. ಅದು ನೀರನ್ನು ಪೂರ್ವಕ್ಕೆ, ಅಮೆರಿಕದ ಕಡೆಗೆ ತಳ್ಳುತ್ತದೆ. ನಮ್ಮ ಅರಬ್ಬೀ ಸಮುದ್ರ ಅದರ ಬೆನ್ನ ಹಿಂದೆ ಇದೆ.

ಮೀನು ಈಜಿ ಬರುವುದಿಲ್ಲವೇ ಎಂದು ಗಿರಾಕಿ ಕೇಳಿದರೆ ಅದು ಒಳ್ಳೆಯ ಪ್ರಶ್ನೆ. 2011ರ ಆಗಸ್ಟ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಹತ್ತಿರ ಹಿಡಿದ ನೀಲಿರೆಕ್ಕೆಯ ಟ್ಯೂನಾಗಳಲ್ಲಿ ಫುಕುಶಿಮಾದ ಸೀಸಿಯಂ ಸಿಕ್ಕಿತು. ಇಡೀ ಪೆಸಿಫಿಕ್ ದಾಟಿ ಹೋಗಿದ್ದವು ಆ ಮೀನುಗಳು. ಸಿಕ್ಕಿದ್ದು ಒಣಗಿಸಿದ ಮಾಂಸದ ಕಿಲೋಗೆ ಸುಮಾರು 10 ಬೆಕೆರೆಲ್. ಅದೇ ಮೀನಿನಲ್ಲಿ ಹುಟ್ಟಿನಿಂದ ಇರುವ ಪೊಟ್ಯಾಸಿಯಂ-40ರ ವಿಕಿರಣ ಅದರ ಹತ್ತಾರು ಪಟ್ಟು ಇತ್ತು. ಬಂಗುಡೆ, ಬೂತಾಯಿ ಅಂಥ ದೂರದ ಪ್ರಯಾಣಿಕರೂ ಅಲ್ಲ. ಇಲ್ಲೇ ಹುಟ್ಟಿ, ಇಲ್ಲೇ ತಿಂದು, ನಿಮ್ಮ ಬಲೆಗೆ ಬೀಳುವವು.

ಪೂರ್ತಿ ಸತ್ಯ ಹೇಳಬೇಕೆಂದರೆ, ನಮ್ಮ ಸಮುದ್ರದಲ್ಲೂ ಸೀಸಿಯಂ ಇದೆ. ಸಾವಿರ ಲೀಟರ್ ನೀರಿಗೆ ಒಂದೆರಡು ಬೆಕೆರೆಲ್‌ನಷ್ಟು. ಅದು ಹೆಚ್ಚಾಗಿ 1950–60ರ ದಶಕದಲ್ಲಿ ದೊಡ್ಡ ದೇಶಗಳು ಬಯಲಿನಲ್ಲಿ ಸಿಡಿಸಿದ ಬಾಂಬುಗಳದು. ನನಗೆ ಸಿಟ್ಟು ಬರುವುದು ಅವರ ಮೇಲೆ. ಯಾರನ್ನೂ ಕೇಳದೆ ಇಡೀ ಭೂಮಿಯ ಮೇಲೆ ಉದುರಿಸಿದರು.

ಪ್ರಶ್ನೆ: ಉಕ್ರೇನಿನ ಜಪೋರಿಝಿಯಾ ಅಣುಸ್ಥಾವರದ ಹತ್ತಿರ ಯುದ್ಧ ನಡೆದ ಸುದ್ದಿ ನೋಡಿ ಆನ್‌ಲೈನಿನಲ್ಲಿ ಅಯೋಡಿನ್ ಮಾತ್ರೆ ತರಿಸಿದ್ದೇನೆ. ಮಕ್ಕಳಿಗೆ ಮುಂಚೆಯೇ ಕೊಡಬಹುದೇ? ಉಪ್ಪು ಜಾಸ್ತಿ ತಿಂದರೂ ಆಗುತ್ತದೆ ಎನ್ನುತ್ತಾರೆ.
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಎರಡೂ ಬೇಡ. ಮಾತ್ರೆಯನ್ನು ಮಕ್ಕಳ ಕೈಗೆ ಸಿಗದ ಕಡೆ ಇಡಿ.

ಈ ಮಾತ್ರೆಗೆ ನಿಜವಾದ ಕೆಲಸ ಇದೆ. ಚೆರ್ನೋಬಿಲ್ ಸುತ್ತ ಅಯೋಡಿನ್-131 ಹುಲ್ಲಿನ ಮೇಲೆ ಬಿತ್ತು. ಹಸು ಮೇಯಿತು, ಹಾಲಿಗೆ ಬಂತು. ಸರ್ಕಾರ ಬಾಯಿ ಬಿಡಲಿಲ್ಲ. ಹಳ್ಳಿಯ ಮಕ್ಕಳು ಎಂದಿನಂತೆ ಹಾಲು ಕುಡಿದರು. ಥೈರಾಯ್ಡ್ ಗ್ರಂಥಿ ಅಯೋಡಿನ್ ಸಿಕ್ಕರೆ ಹೀರಿಕೊಳ್ಳುತ್ತದೆ, ಒಳ್ಳೆಯದು ಕೆಟ್ಟದ್ದು ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಮಾತ್ರೆಯ ಒಳ್ಳೆಯ ಅಯೋಡಿನ್ ಮೊದಲೇ ತುಂಬಿಕೊಂಡರೆ ಕೆಟ್ಟದ್ದಕ್ಕೆ ಜಾಗ ಇರುವುದಿಲ್ಲ. 2005ರ ಹೊತ್ತಿಗೆ ಬೆಲಾರೂಸ್, ಉಕ್ರೇನ್ ಮತ್ತು ರಷ್ಯಾದ ಆ ಭಾಗಗಳಲ್ಲಿ, ಅಪಘಾತದ ಸಮಯಕ್ಕೆ ಮಕ್ಕಳಾಗಿದ್ದವರಲ್ಲಿ 6,000ಕ್ಕೂ ಜಾಸ್ತಿ ಥೈರಾಯ್ಡ್ ಕ್ಯಾನ್ಸರ್ ಕಂಡವು. ಕೆಲವು ವಾರ ಹಾಲು ನಿಲ್ಲಿಸಿದ್ದರೆ ಅವುಗಳಲ್ಲಿ ಎಷ್ಟೋ ತಪ್ಪುತ್ತಿತ್ತು. ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಪಕ್ಕದ ಪೋಲೆಂಡ್ ಮೂರೇ ದಿನದಲ್ಲಿ ಎಚ್ಚೆತ್ತು, ಒಂದು ಕೋಟಿಗೂ ಮಿಕ್ಕಿ ಮಕ್ಕಳಿಗೆ ಅಯೋಡಿನ್ ದ್ರಾವಣ ಕುಡಿಸಿತು.

ಆದರೆ ಆ ಮಾತ್ರೆ ಕೆಲಸ ಮಾಡುವುದು ಅಯೋಡಿನ್-131 ಬರುವ ಸ್ವಲ್ಪ ಮುಂಚೆ ಅಥವಾ ಬಂದ ಕೆಲವೇ ಗಂಟೆಯೊಳಗೆ ತೆಗೆದುಕೊಂಡರೆ. ಸೀಸಿಯಂಗೆ ಅದು ಉಪಯೋಗವಿಲ್ಲ. ಸುಮ್ನೆ ನುಂಗಿದರೆ ಥೈರಾಯ್ಡ್ ಏರುಪೇರಾಗಬಹುದು. ಜಪೋರಿಝಿಯಾದ ಆರೂ ರಿಯಾಕ್ಟರುಗಳು 2022ರ ಸೆಪ್ಟೆಂಬರಿನಲ್ಲೇ ವಿದ್ಯುತ್ ತಯಾರಿಕೆ ನಿಲ್ಲಿಸಿದವು. ರಿಯಾಕ್ಟರ್ ನಿಂತರೆ ಹೊಸ ಅಯೋಡಿನ್-131 ಹುಟ್ಟುವುದಿಲ್ಲ, ಇದ್ದದ್ದು ಎಂಟೆಂಟು ದಿನಕ್ಕೆ ಅರ್ಧವಾಗಿ ಕೆಲವು ತಿಂಗಳಲ್ಲಿ ಮುಗಿಯುತ್ತದೆ. ಶಿವಮೊಗ್ಗ ಅಲ್ಲಿಂದ ಸಾವಿರಾರು ಕಿಲೋಮೀಟರ್.

ಉಪ್ಪಿನ ಲೆಕ್ಕ ನೀವೇ ಮಾಡಿ. ನಮ್ಮ ಅಯೋಡಿನ್ ಉಪ್ಪಿನಲ್ಲಿ ಗ್ರಾಮಿಗೆ 15 ಮೈಕ್ರೋಗ್ರಾಂ ಅಯೋಡಿನ್ ಇರಬೇಕು. ದೊಡ್ಡವರ ಮಾತ್ರೆಯೊಂದರಲ್ಲಿ ಸುಮಾರು 100 ಮಿಲಿಗ್ರಾಂ. ಅಷ್ಟಾಗಲು ಆರೂವರೆ ಕಿಲೋಗೂ ಜಾಸ್ತಿ ಉಪ್ಪು ತಿನ್ನಬೇಕು. 2011ರಲ್ಲಿ ಚೀನಾದಲ್ಲಿ ಜನ ಅಂಗಡಿಗಳ ಉಪ್ಪನ್ನೆಲ್ಲ ಖಾಲಿ ಮಾಡಿದ್ದರು. ಗಾಯಕ್ಕೆ ಹಚ್ಚುವ ಕಂದು ಔಷಧಿಯನ್ನಂತೂ ಕುಡಿಸಲೇಬೇಡಿ. ಆ ಮಾರ್ಚ್‌ನಲ್ಲಿ ನಮ್ಮ ಆಸ್ಪತ್ರೆಗೆ ಒಬ್ಬ ಹುಡುಗನನ್ನು ಹಾಗೆ ಕುಡಿಸಿ ಕರೆತಂದಿದ್ದರು. ಗಂಟಲು, ಹೊಟ್ಟೆ ಸುಟ್ಟುಕೊಂಡು ಎರಡು ದಿನ ಮಲಗಿದ್ದ.

ಪ್ರಶ್ನೆ: 1987–88ರಲ್ಲಿ ನಾನು ಬೊಂಬಾಯಿಯ ಉಡುಪಿ ಹೋಟೆಲಿನಲ್ಲಿ ಕೆಲಸಕ್ಕಿದ್ದೆ. ಚೆರ್ನೋಬಿಲ್ ವಿಷದ ಬೆಣ್ಣೆ ಬಂದಿದೆ ಎಂದು ಆಗ ಪೇಪರಿನಲ್ಲಿ ಗಲಾಟೆ. ನಾವೂ ದೋಸೆಗೆ ಬೆಣ್ಣೆ ಹಾಕಿ ತಿಂದವರು. ಈಗ ನನ್ನ ಹೆಂಡತಿಗೆ ಥೈರಾಯ್ಡ್ ಕಡಿಮೆ ಇದೆ ಎಂದು ಹೇಳಿದ್ದಾರೆ. ಅದೇ ಕಾರಣವೇ?
– ಓದುಗರೊಬ್ಬರು, ಕುಂದಾಪುರ

ಉತ್ತರ: ನಿಮ್ಮ ನೆನಪು ಸರಿ. ಯುರೋಪಿನ ನೆರವಿನಲ್ಲಿ ಬಂದ ಐರ್ಲೆಂಡಿನ 200 ಟನ್ ಬೆಣ್ಣೆ ಅದು. ಅದನ್ನು ಹಂಚಬಾರದು ಎಂದು ಮುಂಬೈಯ ಕೆಲವರು ಕೋರ್ಟಿಗೆ ಹೋದರು. ಮೊಕದ್ದಮೆ ಸುಪ್ರೀಂ ಕೋರ್ಟ್ ಮುಟ್ಟಿತು. ಕೋರ್ಟು ತಜ್ಞರ ಸಮಿತಿ ಮಾಡಿತು. ತಿನ್ನಲು ತೊಂದರೆ ಇಲ್ಲ ಎಂದು ಸಮಿತಿ ಹೇಳಿತು, 1988ರಲ್ಲಿ ಕೋರ್ಟು ಅದನ್ನು ಒಪ್ಪಿತು. ಕೇಳಿದವರು ತಪ್ಪು ಮಾಡಿದರು ಎಂದು ನನಗೆ ಅನ್ನಿಸುವುದಿಲ್ಲ. ಚೆರ್ನೋಬಿಲ್ ಮೋಡದಿಂದ ಬ್ರಿಟನ್ನಿನ ವೇಲ್ಸ್ ಬೆಟ್ಟಗಳ ಮೇಲೆ ಮಳೆ ಬಿದ್ದು, ಅಲ್ಲಿನ ಕುರಿ ಮಾರಾಟದ ಮೇಲಿನ ಕೆಲವು ನಿರ್ಬಂಧಗಳು 2012ರವರೆಗೂ ಇದ್ದವು. ಆಹಾರದ ಮೇಲೆ ಸಂಶಯ ಬಂದರೆ ಅಳೆಯಿರಿ ಎಂದು ಕೇಳಲೇಬೇಕು.

ನೀವು ತಿಂದದ್ದು ಅದೇ ಬೆಣ್ಣೆ ಎಂದೇ ಇಟ್ಟುಕೊಳ್ಳೋಣ. ಥೈರಾಯ್ಡಿಗೆ ಹೋಗುವುದು ಅಯೋಡಿನ್-131. ಬೆಣ್ಣೆ ಹಡಗಿನಲ್ಲಿ ಬಂದು ಹೋಟೆಲಿಗೆ ಮುಟ್ಟುವಷ್ಟರಲ್ಲಿ ಎಷ್ಟೋ ತಿಂಗಳು ಕಳೆದಿದ್ದವು, ಅದು ಪೂರ್ತಿ ಸತ್ತುಹೋಗಿತ್ತು. ಉಳಿದ ಸೀಸಿಯಂ ಥೈರಾಯ್ಡನ್ನು ಹುಡುಕಿಕೊಂಡು ಹೋಗುವುದಿಲ್ಲ. ಅದು ಹಾಲಿನ ನೀರಿನ ಭಾಗದಲ್ಲಿರುತ್ತದೆ, ಕೊಬ್ಬಿನಲ್ಲಿ ಬಹಳ ಕಡಿಮೆ. ಕಡೆದು ಬೆಣ್ಣೆ ತೆಗೆದಾಗ ಹೆಚ್ಚಿನದು ಮಜ್ಜಿಗೆಯ ಪಾಲಾಗುತ್ತದೆ.

ವಯಸ್ಸಾದ ಹೆಂಗಸರಲ್ಲಿ ಥೈರಾಯ್ಡ್ ಕಡಿಮೆಯಾಗುವುದು ತುಂಬಾ ಸಾಮಾನ್ಯ. ನಿಮ್ಮ ಮನೆಯವರು ವೈದ್ಯರು ಹೇಳಿದ ಮಾತ್ರೆಯನ್ನು ಬೆಳಿಗ್ಗೆ ಬರೀ ಹೊಟ್ಟೆಗೆ ನೀರಿನ ಜೊತೆ ತೆಗೆದುಕೊಳ್ಳಲಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಇದ್ದರೆ ಅದು ನಾಲ್ಕು ಗಂಟೆ ಬಿಟ್ಟು. ಕಾಫಿಗೂ ಮುಕ್ಕಾಲು ಗಂಟೆ ಕಾಯಬೇಕು.